ಕುಂತಿಬೆಟ್ಟದಿಂದ ತೊಣ್ಣೂರು ಕೆರೆಗೆ

ಬಂಡೆ, ಬಯಲು, ನೀರಿನ ದಂಡೆ. ಮೂರನ್ನೂ ಒಂದೇ ದಿನ ಕಾಣಬೇಕಾ? ಪಾಂಡವಪುರಕ್ಕೆ ಬನ್ನಿ.

ಮೊದಲು ಕುಂತಿಬೆಟ್ಟ. ವನವಾಸದ ಪಾಂಡವರು ತಾಯಿ ಕುಂತಿಯ ಜತೆ ಇಲ್ಲಿದ್ದರು ಅನ್ನೋದು ಜನರ ನಂಬಿಕೆ. ಹೈದರ್, ಟಿಪ್ಪು ನೆರವಿಗೆ ಬಂದ ಫ್ರೆಂಚ್ ಸೈನಿಕರು ಈ ಬಂಡೆಗಳ ಬಳಿ ಬೀಡುಬಿಟ್ಟಿದ್ದರು. ಹಾಗಾಗಿ ಬ್ರಿಟಿಷರ ಕಾಲದಲ್ಲಿ ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು. ಅದಕ್ಕೂ ಮೊದಲಿನ ಹೆಸರು ಹಿರೋಡೆ.

ಬಿಸಿಲೇರುವ ಮೊದಲೇ ಹತ್ತಲು ಶುರುಮಾಡಿ. ದಾರಿ ಬಲ್ಲ ಊರಿನವರೊಬ್ಬರು ಜತೆಗಿರಲಿ. ಬಂಡೆಗಳ ಸಂದಿಯಲ್ಲಿ ಕಾಲುದಾರಿ ತಪ್ಪುವುದು ಸುಲಭ, ಮಳೆ ಬಿದ್ದ ದಿನ ಕಲ್ಲು ಜಾರುತ್ತದೆ. ಮೇಲೆ ನಿಂತರೆ ಕೆಳಗೆಲ್ಲ ಕಬ್ಬು, ಭತ್ತ, ತೆಂಗು. ಈ ಹಸಿರು ಬರೀ ಮಳೆಯದಲ್ಲ, ಕನ್ನಂಬಾಡಿ ಕಟ್ಟೆಯಿಂದ ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದ ಕಾವೇರಿಯದು. ಇಲ್ಲಿ ಹತ್ತು ನಿಮಿಷ ಸುಮ್ಮನೆ ಕೂತುಕೊಳ್ಳಿ, ಫೋಟೊ ಆಮೇಲೆ.

ಮಧ್ಯಾಹ್ನ ಗಾಡಿ ಹತ್ತಿ ತೊಣ್ಣೂರಿಗೆ. ಎರಡು ಬೆಟ್ಟಗಳ ನಡುವೆ ಏರಿ ಹಾಕಿ ನಿಲ್ಲಿಸಿದ ಕೆರೆ ಇದು. ರಾಮಾನುಜಾಚಾರ್ಯರು ಇಟ್ಟ ಹೆಸರು ತಿರುಮಲಸಾಗರ. 1746ರಲ್ಲಿ ಇಲ್ಲಿಗೆ ಬಂದ ನಿಜಾಮನ ಮಗ ನಾಸಿರ್ ಜಂಗ್, ನೀರಿನ ತಿಳಿ ನೋಡಿ ಮೋತಿ ತಲಾಬ್ ಅಂದ. ಮೋತಿ ಅಂದರೆ ಮುತ್ತು. ಸಂಜೆ ಏರಿ ಮೇಲೆ ಗಾಳಿ ಬೀಸಿದಾಗ ಅಲೆಗಳು ಕಲ್ಲಿಗೆ ಬಡಿಯುತ್ತವೆ, ಕಡಲಂಚಿನಲ್ಲಿ ನಿಂತ ಹಾಗೇ ಇರುತ್ತೆ.

ಆದರೆ ತಿಳಿನೀರು ಅಂತ ನಂಬಿ ಇಳಿಯಬೇಡಿ. ಕೆರೆ ಬಹಳ ಆಳ, ಈಜಲು ಹೋದವರು ಇಲ್ಲಿ ಮುಳುಗಿ ಸತ್ತಿದ್ದಾರೆ. ದಡದಲ್ಲೇ ಕೂತು ನೋಡಿ, ತಂದ ಪ್ಲಾಸ್ಟಿಕ್ಕನ್ನು ವಾಪಸ್ ಒಯ್ಯಿರಿ.