ಪಾಠ ಹೇಳಲು ಬಂದ ಪರದೇಶಿ

ಪರದೇಶಿಯೆಂದರೆ ಹೊರನಾಡಿನವನು, ದಿಕ್ಕಿಲ್ಲದವನೂ ಹೌದು. ಲಫ್ಕಾಡಿಯೊ ಹರ್ನನಿಗೆ ಈ ಎರಡು ಅರ್ಥಗಳೂ ಸಲ್ಲುತ್ತವೆ. 1850ರಲ್ಲಿ ಗ್ರೀಕ್ ದ್ವೀಪವೊಂದರಲ್ಲಿ ಹುಟ್ಟಿದ ಈತನ ತಾಯಿ ಗ್ರೀಕ್ ಹೆಣ್ಣು, ತಂದೆ ಐರ್ಲೆಂಡಿನವನಾದ ಸೈನ್ಯದ ವೈದ್ಯ. ಎಳವೆಯಲ್ಲಿಯೇ ಇಬ್ಬರ ಆಸರೆಯೂ ತಪ್ಪಿತು. ಹದಿನಾರರ ಹರೆಯದಲ್ಲಿ ಎಡಗಣ್ಣೂ ಹೋಯಿತು.

ಅಮೆರಿಕದಲ್ಲಿ ಪತ್ರಿಕೆಗಳಿಗೆ ಬರೆದು ಹೊಟ್ಟೆ ಹೊರೆದ ಹರ್ನ್ 1890ರಲ್ಲಿ ಜಪಾನಿಗೆ ಬಂದು, ಮಾತ್ಸುಎ ಎಂಬ ಊರಿನ ಶಾಲೆಯಲ್ಲಿ ಇಂಗ್ಲಿಷ್ ಉಪಾಧ್ಯಾಯನಾದನು. ಬಡತನಕ್ಕಿಳಿದಿದ್ದ ಸಾಮುರಾಯ್ ಮನೆತನದ ಸೆತ್ಸುವಿನ ಕೈಹಿಡಿದದ್ದು ಅಲ್ಲಿಯೇ. ಹೆಂಡತಿಗೆ ಇಂಗ್ಲಿಷ್ ಬಾರದು. ಗಂಡನ ಜಪಾನೀ ಭಾಷೆ ಹರಕುಮುರುಕು. ಆ ಮುರುಕು ನುಡಿಯಲ್ಲಿಯೇ ಸಂಸಾರ ಸಾಗಿತು. ರಾತ್ರಿ ದೀಪ ತಗ್ಗಿಸಿ ಆಕೆ ಹಳೆಯ ದೆವ್ವದ ಕಥೆಗಳನ್ನು ಹೇಳುವಳು. ಪುಸ್ತಕ ನೋಡಿ ಓದಕೂಡದು, ಸ್ವಂತ ಮಾತಿನಲ್ಲಿಯೇ ಹೇಳಬೇಕೆಂದು ಆತನ ಹಟ. ಕೇಳಿದ್ದನ್ನೆಲ್ಲ ಆತ ಇಂಗ್ಲಿಷಿನಲ್ಲಿ ಬರೆದನು.

ಮಡದಿ ಮಗನ ಹಿತಕ್ಕಾಗಿ 1896ರಲ್ಲಿ ಜಪಾನಿನ ಪ್ರಜೆಯಾಗಿ, ಕೊಇಜುಮಿ ಯಾಕುಮೊ ಎಂದು ಹೆಸರಿಟ್ಟುಕೊಂಡನು. ಅದೇ ವರ್ಷ ಟೋಕಿಯೋದ ಸಾಮ್ರಾಜ್ಯ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕ ಪದವಿಯೂ ದೊರೆಯಿತು. ಆದರೆ ನಾಡಿನವನಾದ ಮಾತ್ರಕ್ಕೆ ನೆಲೆ ಭದ್ರವಾಗಲಿಲ್ಲ. ಶಿಷ್ಯರು ಪ್ರತಿಭಟಿಸಿದರೂ 1903ರಲ್ಲಿ ಆ ಹುದ್ದೆ ತಪ್ಪಿತು. ಆತನ ಸ್ಥಾನಕ್ಕೆ ಬಂದವರಲ್ಲಿ, ಲಂಡನ್ನಿನಲ್ಲಿ ಓದಿ ಮರಳಿದ ನಾತ್ಸುಮೆ ಸೋಸೆಕಿಯೂ ಒಬ್ಬ; ಮುಂದೆ ಜಪಾನಿನ ಮಹಾ ಕಾದಂಬರಿಕಾರನಾದವನು ಈತನೇ.

1904ರಲ್ಲಿ ‘ಕ್ವೈದಾನ್’ ಕಥಾಸಂಗ್ರಹ ಪ್ರಕಟವಾಯಿತು. ಅದೇ ವರ್ಷ ಹರ್ನ್ ತೀರಿಕೊಂಡನು. ಆತ ಇಂಗ್ಲಿಷಿನಲ್ಲಿ ಬರೆದ ಆ ಕಥೆಗಳನ್ನು ಜಪಾನಿನ ಮಕ್ಕಳು ಇಂದು ತಮ್ಮ ನುಡಿಯಲ್ಲಿ ಓದುತ್ತಾರೆ. ಸೆತ್ಸು ಹೇಳಿದ ಕಥೆ ಪರಭಾಷೆಯನ್ನು ಸುತ್ತಿ ಹೀಗೆ ಮನೆಗೆ ಮರಳಿದೆ.