ದೂರವಾಣಿನಗರದಿಂದ ಬಂದ ಒಂದು ಕರೆ

2017ರ ಮೇ 21, ಭಾನುವಾರ. ಅವತ್ತು ರಾತ್ರಿ ಬುಲೆಟಿನ್ ನನ್ನದು. ಕಟಕ್‌ನ ಬಾರಾಬತಿ ಸ್ಟೇಡಿಯಂನಲ್ಲಿ ಫೆಡರೇಷನ್ ಕಪ್ ಫುಟ್‌ಬಾಲ್ ಫೈನಲ್. ಒಂದು ಕಡೆ ಬೆಂಗಳೂರು ಎಫ್‌ಸಿ, ಇನ್ನೊಂದು ಕಡೆ ಕೋಲ್ಕತ್ತಾದ ಮೋಹನ್ ಬಗಾನ್. ತೊಂಬತ್ತು ನಿಮಿಷ ಆಡಿದರೂ ಗೋಲಿಲ್ಲ. ಹೆಚ್ಚುವರಿ ಸಮಯದಲ್ಲಿ ಸಿ.ಕೆ. ವಿನೀತ್ ಎರಡು ಗೋಲು ಹೊಡೆದರು. ಕಪ್ ಬೆಂಗಳೂರಿಗೆ ಬಂತು. ಡೆಸ್ಕಿನಿಂದ ಅವಸರದಲ್ಲಿ ಒಂದು ಸಾಲು ಬರೆದು ಕೊಟ್ಟರು. ನಾನು ಅಷ್ಟೇ ಅವಸರದಲ್ಲಿ ಓದಿದೆ: ‘ಫೆಡರೇಷನ್ ಕಪ್ ಫೈನಲ್‌ನಲ್ಲಿ ಮೋಹನ್ ಬಗಾನ್ ತಂಡವನ್ನು ಮಣಿಸಿದ ಬೆಂಗಳೂರಿನ ಮೊಟ್ಟಮೊದಲ ತಂಡ!’

ಈ ‘ಮೊಟ್ಟಮೊದಲ’ ಅನ್ನೋದು ನಮ್ಮ ಟೀವಿಯವರಿಗೆ ಅಂಟಿದ ರೋಗ. ಯಾವುದನ್ನು ನೋಡಿದರೂ ನಮಗೆ ಅದು ಮೊಟ್ಟಮೊದಲೇ.

ಬುಲೆಟಿನ್ ಮುಗಿಸಿ ಮೇಕಪ್ ಒರೆಸಿಕೊಳ್ಳುತ್ತಿದ್ದೆ. ಫೋನ್ ಬಂದಿದೆ ಅಂದರು. ಆ ಕಡೆ ವಯಸ್ಸಾದ ದನಿ.

‘ಏನ್ ಸಾರ್, ನ್ಯೂಸ್ ಓದೋವ್ರೇ ಹಿಂಗಂದ್ರೆ ಹೆಂಗೆ? ಮೊದಲ ತಂಡ ಅಂತೀರಲ್ಲ, ನಾವೇನು ಸತ್ತೋದ್ವಾ?’

‘ನಾವು ಅಂದ್ರೆ ಯಾರು ಸಾರ್?’

‘ಐಟಿಐ ಸಾರ್. ಎಪ್ಪತ್ತೇಳರಲ್ಲಿ ಅದೇ ಕಪ್ಪು, ಅದೇ ಮೋಹನ್ ಬಗಾನ್. ಒಂದು–ಸೊನ್ನೆ. ಬರ್ಕೊಳಿ.’

ಬರೆದುಕೊಂಡೆ. ಅವರು ಹೇಳಿದ್ದು ನೂರಕ್ಕೆ ನೂರು ಸತ್ಯ. 1977ರಲ್ಲಿ ನಡೆದದ್ದೇ ಮೊದಲ ಫೆಡರೇಷನ್ ಕಪ್. ಎರ್ನಾಕುಲಂನಲ್ಲಿ ನಡೆಯಿತು. ಅದನ್ನು ಗೆದ್ದದ್ದು ಬೆಂಗಳೂರಿನ ಐಟಿಐ. ಇವತ್ತಿನ ಹುಡುಗರಿಗೆ ಐಟಿಐ ಅಂದರೆ ಫಿಟ್ಟರ್, ವೆಲ್ಡರ್ ಕಲಿಸೋ ಕಾಲೇಜು. ಅದಲ್ಲ ಸ್ವಾಮಿ. ಇದು ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್. ಕೆ.ಆರ್. ಪುರದ ಪಕ್ಕದ ದೂರವಾಣಿನಗರದ ಟೆಲಿಫೋನ್ ಕಾರ್ಖಾನೆ.

ಒಂದು ಫೋನ್ ಕಾರ್ಖಾನೆ ಇಡೀ ದೇಶದ ಕಪ್ ಗೆದ್ದದ್ದು ಹೇಗೆ? ಹಾಗೆ ಗೆದ್ದವರನ್ನು ನಾವು ಮರೆತದ್ದು ಹೇಗೆ? ಒಂದೊಂದಾಗಿ ನೋಡೋಣ.

ಮೊದಲು ಆ ಕಾಲದ ಫುಟ್‌ಬಾಲ್ ಹೇಗಿತ್ತು ಅಂತ ತಿಳಿಯಬೇಕು. 1977ರಲ್ಲಿ ನಮ್ಮ ದೇಶದಲ್ಲಿ ರಾಷ್ಟ್ರೀಯ ಲೀಗ್ ಇರಲೇ ಇಲ್ಲ. ಅದು ಶುರುವಾದದ್ದು 1996ರಲ್ಲಿ. ಅದಕ್ಕೆ ಮೊದಲು ಇದ್ದದ್ದೆಲ್ಲ ಟೂರ್ನಮೆಂಟು. ದಿಲ್ಲಿಯಲ್ಲಿ ಡ್ಯುರಾಂಡ್, ಬೊಂಬಾಯಲ್ಲಿ ರೋವರ್ಸ್ ಕಪ್, ಕಲ್ಕತ್ತಾದಲ್ಲಿ ಐಎಫ್‌ಎ ಶೀಲ್ಡ್. ಮೂರೂ ಬ್ರಿಟಿಷರ ಕಾಲದವು. ರಾಜ್ಯ ರಾಜ್ಯಗಳ ನಡುವೆ ಸಂತೋಷ್ ಟ್ರೋಫಿ ಇತ್ತು. ಆದರೆ ದೇಶದಲ್ಲಿ ಅತ್ಯುತ್ತಮ ಕ್ಲಬ್ ಯಾವುದು ಅಂತ ತೀರ್ಮಾನಿಸಲು ಫುಟ್‌ಬಾಲ್ ಫೆಡರೇಷನ್ನಿನದೇ ಆದ ಪಂದ್ಯಾವಳಿ ಇರಲಿಲ್ಲ. ಆ ಕೊರತೆ ತುಂಬಲು ಹುಟ್ಟಿದ್ದು ಫೆಡರೇಷನ್ ಕಪ್.

ಇನ್ನು ಎದುರಾಳಿ. ಆ ವರ್ಷದ ಮೋಹನ್ ಬಗಾನ್ ಅಂದರೆ ಸಾಮಾನ್ಯ ತಂಡವಲ್ಲ. ಸುಬ್ರತ ಭಟ್ಟಾಚಾರ್ಯ, ಗೌತಮ್ ಸರ್ಕಾರ್, ಶ್ಯಾಮ್ ಥಾಪಾ, ಹಬೀಬ್ ಮುಂತಾದವರಿದ್ದ ಕಾಲ. ತರಬೇತಿ ಕೊಡುತ್ತಿದ್ದವರು ಪಿ.ಕೆ. ಬ್ಯಾನರ್ಜಿ. ಅದೇ 1977ರ ಸೆಪ್ಟೆಂಬರ್ 24ರಂದು ಈಡನ್ ಗಾರ್ಡನ್ಸ್‌ನಲ್ಲಿ ಅವರು ಆಡಿದ್ದು ಯಾರ ಜೊತೆ ಗೊತ್ತೇ? ನ್ಯೂಯಾರ್ಕ್ ಕಾಸ್ಮಾಸ್ ಜೊತೆ. ಅಂದರೆ ಪೆಲೆ ಜೊತೆ! ಆ ಪಂದ್ಯ 2–2 ಸಮ. ಆ ಸೀಸನ್ನಿನಲ್ಲೇ ಶೀಲ್ಡ್, ರೋವರ್ಸ್, ಡ್ಯುರಾಂಡ್ ಮೂರನ್ನೂ ಬಗಾನ್ ಗೆದ್ದುಕೊಂಡಿತು. ಪೆಲೆಯ ತಂಡಕ್ಕೂ ಬಗ್ಗದವರು ಅವರು. ಅಂಥವರಿಂದ ಫೆಡರೇಷನ್ ಕಪ್ ಕಿತ್ತುಕೊಂಡು ಬಂದವರು, ಬೆಳಿಗ್ಗೆ ಕಾರ್ಖಾನೆ ಗೇಟಿನಲ್ಲಿ ಹಾಜರಿ ಹಾಕುವ ನಮ್ಮ ಹುಡುಗರು.

ಇದು ಆಕಾಶದಿಂದ ಬಿದ್ದ ಗೆಲುವಲ್ಲ. ಇದಕ್ಕೊಂದು ಬೇರಿದೆ. ಆ ಬೇರು ಇರೋದು ದಂಡಿನಲ್ಲಿ.

ಕಂಟೋನ್ಮೆಂಟನ್ನು ನಮ್ಮ ಹಿರಿಯರು ದಂಡು ಅಂತಲೇ ಕರೆಯುತ್ತಿದ್ದರು. ಬ್ರಿಟಿಷರು 1809ರಲ್ಲಿ ಹಲಸೂರಿನ ಮಗ್ಗುಲಲ್ಲಿ ಪಡೆ ಬೀಡುಬಿಟ್ಟ ಮೇಲೆ ಊಟದ ಜೊತೆ ಉಪ್ಪಿನಕಾಯಿ ಬಂದ ಹಾಗೆ ಸಿಪಾಯಿಗಳ ಜೊತೆ ಆಟಗಳೂ ಬಂದವು. ಗೋರಾಗಳು ಬೂಟು ಹಾಕಿಕೊಂಡು ಆಡಿದ್ದನ್ನು ನಮ್ಮ ಹುಡುಗರು ಬೇಲಿಯ ಆಚೆ ನಿಂತು ನೋಡಿ, ಬರಿಗಾಲಲ್ಲೇ ಕಲಿತರು. ಶಿವಾಜಿನಗರ, ಹಲಸೂರು, ಗೌತಮಪುರ, ಮರ್ಫಿ ಟೌನ್, ಆಸ್ಟಿನ್ ಟೌನ್ ಎಲ್ಲೆಡೆ ಆಟದ ಹುಚ್ಚು ಹಬ್ಬಿತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ ಗೆದ್ದಿತು. ಆ ಕಪ್ ಗೆದ್ದ ಮೊದಲ ಭಾರತೀಯ ತಂಡ ಅದು. ಇಲ್ಲಿ ‘ಮೊದಲ’ ಅನ್ನೋ ಮಾತನ್ನು ಧೈರ್ಯವಾಗಿ ಹೇಳಬಹುದು. 1938ರಲ್ಲಿ ಮತ್ತೆ ಗೆದ್ದರು.

1948ರ ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತ ಫ್ರಾನ್ಸ್ ವಿರುದ್ಧ ಆಡಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲು. 2–1ರಲ್ಲಿ ಸೋತರೂ ಭಾರತದ ಆ ಒಂದು ಗೋಲು ಹೊಡೆದವರು ಸಾರಂಗಪಾಣಿ ರಾಮನ್, ನಮ್ಮ ಮೈಸೂರು ರಾಜ್ಯದ ಆಟಗಾರ. ಅದೇ ತಂಡದಲ್ಲಿ ಬೆಂಗಳೂರಿನ ಅಹಮದ್ ಖಾನ್ ಇದ್ದರು, ಧನರಾಜ್ ಇದ್ದರು. ಆಮೇಲೆ ಇವರಿಬ್ಬರೂ ಎಲ್ಲಿಗೆ ಹೋದರು? ಕಲ್ಕತ್ತಾಕ್ಕೆ. ಈಸ್ಟ್ ಬೆಂಗಾಲ್ ಸೇರಿ, ಅಲ್ಲಿನವರು ‘ಪಂಚಪಾಂಡವರು’ ಅಂತ ಹೊಗಳಿದ ಐವರಲ್ಲಿ ಇಬ್ಬರಾದರು.

ಇಲ್ಲೇ ಇರೋದು ವಿಷಯ. ಬೆಂಗಳೂರು ಬೆಳೆಯುತ್ತಿತ್ತು, ಕಲ್ಕತ್ತಾ ಕೊಯ್ಯುತ್ತಿತ್ತು. ಆಟ ಇತ್ತು, ಅನ್ನ ಇರಲಿಲ್ಲ. ಒಳ್ಳೆಯ ಆಟಗಾರ ಹೊಟ್ಟೆಪಾಡಿಗೆ ಹೌರಾ ರೈಲು ಹತ್ತಲೇಬೇಕಿತ್ತು.

ಇದನ್ನು ತಡೆದದ್ದು ಯಾರು? ಕ್ರೀಡಾ ಇಲಾಖೆಯಲ್ಲ. ಕಾರ್ಖಾನೆಗಳು. ಹಳೇ ಮದ್ರಾಸು ರಸ್ತೆ, ಅದರ ಆಜುಬಾಜನ್ನು ಒಮ್ಮೆ ನೆನಪಿಸಿಕೊಳ್ಳಿ. ಬೈಯಪ್ಪನಹಳ್ಳಿಯಲ್ಲಿ ಎನ್‌ಜಿಇಎಫ್, ತಿಪ್ಪಸಂದ್ರದ ಕಡೆ ಬೆಮೆಲ್, ಅದರಾಚೆ ಎಚ್‌ಎಎಲ್, ಕೆ.ಆರ್. ಪುರದ ಹತ್ತಿರ ಐಟಿಐ. 1948ರಲ್ಲಿ ಶುರುವಾದ ಐಟಿಐ ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ಯಮ. ಅಂಚೆ–ತಂತಿ ಇಲಾಖೆಗೆ ಬೇಕಾದ ಫೋನು, ಎಕ್ಸ್‌ಚೇಂಜು ಎಲ್ಲ ಅಲ್ಲಿಂದಲೇ. ಮಾರುವ ಚಿಂತೆಯಿಲ್ಲ, ಪೈಪೋಟಿಯಿಲ್ಲ. ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ, ಮೈದಾನ ಎಲ್ಲ ಉಳ್ಳ ಪುಟ್ಟ ಊರೇ ಅದು. ಇಂಥ ಕಾರ್ಖಾನೆಗಳು ಆಟಗಾರರಿಗೆ ಕೆಲಸ ಕೊಟ್ಟವು. ಸ್ವಲ್ಪ ಹೊತ್ತು ಡ್ಯೂಟಿ, ಆಮೇಲೆ ಪ್ರಾಕ್ಟೀಸು. ಕಾಗದದ ಮೇಲೆ ಎಲ್ಲರೂ ಹವ್ಯಾಸಿಗಳು. ಆದರೆ ತಿಂಗಳು ತಿಂಗಳು ಸಂಬಳ, ಕಾಲು ಮುರಿದರೂ ಸಂಬಳ, ಆಟ ನಿಂತ ಮೇಲೂ 58ರವರೆಗೆ ಸಂಬಳ. ಕಲ್ಕತ್ತಾದ ಕ್ಲಬ್ಬು ದೊಡ್ಡ ಮೊತ್ತ ಕೊಟ್ಟೀತು. ಆದರೆ ಮಂಡಿ ಹೋದ ಮೇಲೆ ಕೇಳೋರು ಯಾರು?

ಅದಕ್ಕೇ ಹುಡುಗರು ಊರಲ್ಲೇ ಉಳಿದರು. ಇಡೀ ವರ್ಷ ಒಟ್ಟಿಗೇ ಆಡಿದರು. ಲೀಗಿನಲ್ಲಿ ಇವತ್ತು ಎಚ್‌ಎಎಲ್ ಎದುರು, ನಾಳೆ ಇನ್ನೊಂದು ಕಾರ್ಖಾನೆ ಎದುರು ಗುದ್ದಾಡಿದರು. 1967–68, 1968–69ರಲ್ಲಿ ಮೈಸೂರು ರಾಜ್ಯ ಸತತ ಎರಡು ಸಲ ಸಂತೋಷ್ ಟ್ರೋಫಿ ಗೆದ್ದದ್ದು ಈ ಕಾಲದಲ್ಲೇ. 1977 ಅದರ ಇನ್ನೊಂದು ಫಲ.

ಹಾಗಾದರೆ ಆಮೇಲೆ ಏನಾಯ್ತು? 1978ರ ಫೆಡರೇಷನ್ ಕಪ್ಪನ್ನು ಕಲ್ಕತ್ತಾದ ಎರಡು ದೊಡ್ಡ ತಂಡಗಳು ಜಂಟಿಯಾಗಿ ಹಂಚಿಕೊಂಡವು. ಮೋಹನ್ ಬಗಾನ್ ಒಟ್ಟು 14 ಸಲ ಆ ಕಪ್ ಎತ್ತಿತು. ಐಟಿಐಗೆ ಸಿಕ್ಕಿದ್ದು ಆ ಒಂದೇ ಸಲ. 1991ರ ಉದಾರೀಕರಣದ ನಂತರ ದೂರಸಂಪರ್ಕದಲ್ಲಿ ಖಾಸಗಿಯವರು ಬಂದರು, ಮೊಬೈಲ್ ಬಂತು, ಡಯಲ್ ಫೋನು ಅಟ್ಟ ಸೇರಿತು. ಆರ್ಡರ್ ಇಲ್ಲದ ಕಾರ್ಖಾನೆ ಹೊಸಬರಿಗೆ ಕೆಲಸ ಕೊಡೋದೆಲ್ಲಿಂದ? ಎನ್‌ಜಿಇಎಫ್ ಅಂತೂ ಬಾಗಿಲನ್ನೇ ಮುಚ್ಚಿತು. ಎಚ್‌ಎಎಲ್ ಒಂದು ಐ-ಲೀಗ್‌ವರೆಗೂ ಏಗಿತು.

ಒಂದು ಮಾತು ನೇರವಾಗಿ ಹೇಳಬೇಕು. ಆ ವ್ಯವಸ್ಥೆಯನ್ನು ಅಟ್ಟಕ್ಕೇರಿಸುವ ಇರಾದೆ ನನಗಿಲ್ಲ. ಕಾರ್ಖಾನೆ ತಂಡಕ್ಕೆ ಊರಿನ ಅಭಿಮಾನಿ ಬಳಗ ಕಟ್ಟಬೇಕು ಅನ್ನಿಸಲಿಲ್ಲ. ಟಿಕೆಟ್ ಮಾರುವ ಅಗತ್ಯವಿರಲಿಲ್ಲ. ಆಟ ನಿಂತಿದ್ದೇ ಕಾರ್ಖಾನೆಯ ಹೆಗಲ ಮೇಲೆ. ಹೆಗಲು ಕುಸಿದಾಗ ಹಿಡಿಯಲು ಇನ್ನೊಂದು ಕೈ ಇರಲಿಲ್ಲ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮಾಡಿದ್ದು ಇದಕ್ಕೆ ತದ್ವಿರುದ್ಧ. ಮೊದಲು ಅಭಿಮಾನಿಗಳನ್ನು ಗೆದ್ದಿತು, ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಅದಕ್ಕೆ ಶಹಭಾಸ್ ಅನ್ನಲೇಬೇಕು. ಆದರೆ ಗೌತಮಪುರದ ಹುಡುಗನಿಗೆ ಅಂದು ಇದ್ದ ದಾರಿ ಚಿಕ್ಕದಾದರೂ ಕಣ್ಣಿಗೆ ಕಾಣುತ್ತಿತ್ತು: ಬೀದಿ, ಲೀಗು, ಕಾರ್ಖಾನೆ, ಮನೆಗೆ ಅಕ್ಕಿ. ಇಂದು ಮೇಲಿನ ಮೆಟ್ಟಿಲು ಬಂಗಾರದ್ದು, ಕೆಳಗಿನ ನಾಲ್ಕು ಮೆಟ್ಟಿಲೇ ಇಲ್ಲ. ನನ್ನ ತಕರಾರು ಇಷ್ಟೇ.

ಆ ವಾರವೇ ನಾನು ಫೋನ್ ಮಾಡಿದ ಹಿರಿಯರನ್ನು ನೋಡಲು ಹೋದೆ. ತೂಗುಸೇತುವೆ ದಾಟಲು ಮುಕ್ಕಾಲು ಗಂಟೆ. ಮನೆಮಾತು ತಮಿಳು, ಹುಟ್ಟಿದ್ದು ಹಲಸೂರು, ಕನ್ನಡ ಕಲಿತದ್ದು ಕಾರ್ಖಾನೆಯಲ್ಲಿ.

‘ಫೈನಲ್ ನೋಡೋಕೆ ಹೋಗಿದ್ರಾ?’ ಅಂದೆ.

‘ಎಲ್ಲಿ ಸಾರ್, ಶಿಫ್ಟಲ್ಲಿದ್ದೆ. ಕ್ಯಾಂಟೀನಲ್ಲಿ ಸುದ್ದಿ ಗೊತ್ತಾಯ್ತು. ಟೀ ಆರೋಯ್ತು, ಯಾರೂ ಕುಡೀಲಿಲ್ಲ.’

‘ನೀವೂ ಆಡ್ತಿದ್ರಾ?’

‘ಟೀಮಿಗೆ ಸೆಲೆಕ್ಟ್ ಆಗ್ಲಿಲ್ಲ. ಆಡೋರ ಪಕ್ಕದ ಬೆಂಚಲ್ಲಿ ಕೆಲಸ ಮಾಡಿದೀನಿ. ಅಷ್ಟು ಸಾಕಲ್ವಾ ಸಾರ್, ನಾವು ಗೆದ್ವಿ ಅನ್ನೋಕೆ?’

ಸಾಕು. ಖಂಡಿತ ಸಾಕು. ‘ನಾವು’ ಅನ್ನುವ ಆ ಹಕ್ಕನ್ನೇ ನಾನು ಒಂದು ಅವಸರದ ಸಾಲಿನಲ್ಲಿ ಕಿತ್ತುಕೊಂಡಿದ್ದೆ. ಟೀವಿಯಲ್ಲಿ ತಪ್ಪು ಹೇಳಿದರೆ ಒಂದು ಇಸವಿ ತಪ್ಪಾಗುತ್ತದೆ ಅಂದುಕೊಳ್ಳುತ್ತೇವೆ. ಹಾಗಲ್ಲ. ಎಲ್ಲೋ ಒಂದು ಮನೆಯಲ್ಲಿ ಒಬ್ಬರ ಜೀವಮಾನದ ಹೆಮ್ಮೆ ಸುಳ್ಳಾಗುತ್ತದೆ.

2017ರ ಆ ಪಂದ್ಯವೇ ಕೊನೆಯ ಫೆಡರೇಷನ್ ಕಪ್. ಮುಂದಿನ ವರ್ಷ ಸೂಪರ್ ಕಪ್ ಬಂತು. ಅಂದರೆ ಲೆಕ್ಕ ನೋಡಿ: ಮೊದಲ ಫೆಡರೇಷನ್ ಕಪ್ ಗೆದ್ದದ್ದು ಬೆಂಗಳೂರು, ಕೊನೆಯದನ್ನು ಗೆದ್ದದ್ದೂ ಬೆಂಗಳೂರು. ಎರಡೂ ಸಲ ಸೋತದ್ದು ಮೋಹನ್ ಬಗಾನ್. ನಡುವೆ ಸರಿಯಾಗಿ ನಲವತ್ತು ವರ್ಷ. ಇದಕ್ಕಿಂತ ಒಳ್ಳೆಯ ಹೆಡ್‌ಲೈನು ಅವತ್ತು ರಾತ್ರಿ ನನ್ನ ಕೈಯಲ್ಲೇ ಇತ್ತು. ನಾನೇ ಕಳೆದುಕೊಂಡೆ.

ಮಾರನೇ ಬುಲೆಟಿನ್ನಿನ ಕೊನೆಗೆ ಹತ್ತು ಸೆಕೆಂಡು ಕೇಳಿ ತೆಗೆದುಕೊಂಡು ತಿದ್ದುಪಡಿ ಓದಿದ್ದೆ. ಹತ್ತು ಸೆಕೆಂಡಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆದಿದ್ದೇನೆ. ಮತ್ತೆ ಫೋನ್ ಬಂದಿತ್ತು.

‘ಕೇಳಿಸ್ತು ಸಾರ್,’ ಅಂದರು. ‘ಈಗ ಸರಿಯಾಯ್ತು.’