ಅಪ್ಪ ‘ಎ’, ಅಮ್ಮ ‘ಬಿ’. ಮಗು ಹೇಗೆ ‘ಓ’?

ಪ್ರಶ್ನೆ: ನನ್ನ ರಕ್ತದ ಗುಂಪು ‘ಎ’, ಪತ್ನಿಯದು ‘ಬಿ’. ಮಗಳದು ‘ಓ’ ಎಂದು ವರದಿ ಬಂದಿದೆ. ಇದು ಸಾಧ್ಯವೇ?

ಉತ್ತರ: ಖಂಡಿತ ಸಾಧ್ಯ. ರಕ್ತದ ಗುಂಪನ್ನು ನಿರ್ಧರಿಸುವ ಜೀನ್ ನಮ್ಮೆಲ್ಲರಲ್ಲೂ ಜೋಡಿಯಾಗಿರುತ್ತದೆ. ಒಂದು ಅಪ್ಪನಿಂದ, ಇನ್ನೊಂದು ಅಮ್ಮನಿಂದ ಬಂದದ್ದು. ಇದರಲ್ಲಿ ‘ಎ’, ‘ಬಿ’, ‘ಓ’ ಎಂಬ ಮೂರು ಮುಖ್ಯ ರೂಪಗಳಿವೆ. ‘ಎ’ ಮತ್ತು ‘ಬಿ’ ಪ್ರಬಲ, ‘ಓ’ ದುರ್ಬಲ. ಎ-ಓ ಜೋಡಿ ಇರುವವರ ರಕ್ತ ಪರೀಕ್ಷೆಯಲ್ಲಿ ‘ಎ’ ಎಂದೇ ಕಾಣುತ್ತದೆ. ‘ಓ’ ಜೀನ್ ಒಳಗೇ ಅಡಗಿರುತ್ತದೆ, ಅಳಿಸಿಹೋಗುವುದಿಲ್ಲ. ಎ, ಬಿ ಎರಡೂ ಸೇರಿದರೆ ಮಾತ್ರ ಒಂದು ಇನ್ನೊಂದಕ್ಕೆ ಮಣಿಯದೆ ‘ಎಬಿ’ ಗುಂಪಾಗುತ್ತದೆ.

ನೀವು ಎ-ಓ, ನಿಮ್ಮ ಪತ್ನಿ ಬಿ-ಓ ಆಗಿದ್ದರೆ ಪ್ರತಿ ಗರ್ಭಧಾರಣೆಯಲ್ಲೂ ಮಗು ಎ, ಬಿ, ಎಬಿ ಅಥವಾ ಓ ಆಗುವ ಸಂಭವ ತಲಾ ಶೇ 25. ಮೊದಲ ಮಗು ‘ಓ’ ಆಯಿತೆಂದು ಎರಡನೆಯದರ ಲೆಕ್ಕ ಬದಲಾಗದು. ಬಟಾಣಿ ಗಿಡಗಳಲ್ಲಿ ಗ್ರೆಗರ್ ಮೆಂಡೆಲ್ ಕಂಡು 1866ರಲ್ಲಿ ಪ್ರಕಟಿಸಿದ್ದೂ ಇದೇ ನಿಯಮ: ಒಂದು ತಲೆಮಾರಿನಲ್ಲಿ ಮರೆಯಾದ ಗುಣ ಮುಂದಿನದರಲ್ಲಿ ಮತ್ತೆ ತಲೆ ಎತ್ತಬಹುದು.

ಅಪರೂಪದ ಅಪವಾದಗಳೂ ಇವೆ. ಮುಂಬೈಯಲ್ಲಿ ಪತ್ತೆಯಾಗಿ 1952ರಲ್ಲಿ ವರದಿಯಾದ ‘ಬಾಂಬೆ’ ಗುಂಪಿನವರಲ್ಲಿ ಎ, ಬಿ ಗುರುತುಗಳು ಮೂಡಲು ಬೇಕಾದ ‘ಎಚ್’ ಅಂಶವೇ ಇರುವುದಿಲ್ಲ. ಹಾಗಾಗಿ ಸಾಮಾನ್ಯ ಪರೀಕ್ಷೆಯಲ್ಲಿ ಅವರದು ‘ಓ’ ಎಂದೇ ಕಾಣುತ್ತದೆ. ಆದರೆ ಅವರಿಗೆ ‘ಓ’ ರಕ್ತ ಕೊಡುವಂತಿಲ್ಲ.

ನಿಮ್ಮ ಮಗಳ ವರದಿಯಲ್ಲಿ ಅನುಮಾನಪಡುವಂಥದ್ದು ಏನೂ ಇಲ್ಲ. ರಕ್ತದ ಗುಂಪು ನೋಡಿ ಸಂಬಂಧವನ್ನು ಶಂಕಿಸಬೇಡಿ.